ನನ್ನ ಕೈಗೆ ಮಾತ್ರ ಬಗ್ಗುತ್ತಿದ್ದ ಗಾಡಿ

ಇವತ್ತು ಬೆಳಿಗ್ಗೆ ಊಟದ ಕ್ಯಾನುಗಳನ್ನೆಲ್ಲ ಹಿಂದೆ ಹೇರಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗಾಡಿಯ ಬಾಗಿಲು ತೆಗೆದೆ ನೋಡಿ, ಗಪ್ಪನೆ ಶೇಂಗಾ ಚಟ್ನಿಯ ವಾಸನೆ ಮೂಗಿಗೆ ಬಡಿಯಿತು. ಹುರಿದ ಶೇಂಗಾ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಕೂಡಿಸಿ ಕುಟ್ಟಿದ ಘಾಟು. ಕುಟ್ಟುವವಳು ಮಾತ್ರ ಊರಲ್ಲಿಲ್ಲ. ನನ್ನ ಓರಗಿತ್ತಿ ರೇಣುಕಾ, ಅಂದರೆ ನನ್ನ ಮೈದುನನ ಹೆಂಡತಿ, ತಮ್ಮನ ಮದುವೆಗೆಂದು ಗದಗಿನ ಕಡೆಯ ತನ್ನ ತವರಿಗೆ ಹೋಗಿ ವಾರವಾಗುತ್ತ ಬಂತು. ಅವಳು ಕೂರುವ ಎಡಗಡೆಯ ಸೀಟು ಖಾಲಿ. ಚಟ್ನಿಯ ಡಬ್ಬಿಯನ್ನೂ ಹೊತ್ತುಕೊಂಡು ಹೋಗಿದ್ದಾಳೆ. ಆದರೂ ಆ ಸೀಟಿನ ಬಟ್ಟೆ ವಾಸನೆಯನ್ನು ಬಿಟ್ಟುಕೊಡಲು ತಯಾರಿಲ್ಲ.

ನನಗೆ ಖುಷಿಯಾಗಬೇಕು, ಹೌದಲ್ಲವೇ? ಗಾಡಿ ಪೂರ್ತಿ ನನ್ನದು. ಇವತ್ತು ನೀನು ಓಡಿಸು, ನಾಳೆ ನಾನು ಎನ್ನುವ ಸರದಿ ಇಲ್ಲ. ಕಿಟಕಿಯಾಚೆ ತಲೆ ಹಾಕಿ ಪಕ್ಕದ ಬೈಕಿನವನ ಜೊತೆ ಜಗಳ ತೆಗೆಯುವವರಿಲ್ಲ. ಖುಷಿಯಾಗಿದೆ, ನಂಬಿ.

ನಂಬುವುದಿಲ್ಲವೇ? ಹಾಗಾದರೆ ಮೊದಲಿಂದ ಹೇಳಬೇಕು. ಹೊಟ್ಟೆಕಿಚ್ಚಿನ ಮಾತು ಬಂದರೆ ಜನ ಯಾಕೆ ಹಾಗೆ ಮುಖ ತಿರುಗಿಸುತ್ತಾರೋ ನಾನು ಕಾಣೆ. ಬಿಪಿ ಇದೆ ಎಂದು ಹೇಳಿಕೊಳ್ಳುತ್ತಾರೆ. ಶುಗರ್ ಇದೆ ಎಂದು ಮದುವೆ ಮನೆಯಲ್ಲಿ ಜೋರಾಗಿಯೇ ಸಾರುತ್ತಾರೆ. ಹೊಟ್ಟೆಕಿಚ್ಚು ಇದೆ ಎಂದು ಒಬ್ಬರಾದರೂ ಬಾಯಿಬಿಟ್ಟು ಹೇಳಿದ್ದನ್ನು ಕೇಳಿದ್ದೀರಾ? ನನಗೆ ಇದೆ. ಸಣ್ಣದಲ್ಲ, ಸೌದೆ ಒಲೆಯಷ್ಟು. ಆ ಒಲೆಗೆ ಬೆಂಕಿ ಇಟ್ಟವಳು ರೇಣುಕಾ, ಊದಿದ್ದು ಈ ಗಾಡಿ.

ಗಾಡಿ ನಮ್ಮ ಮಾವನವರದು. ಹಳೇ ಪೆಟ್ರೋಲ್ ಪಿಕಪ್ಪು. ಚಿಕ್ಕಬಾಣಾವರದ ಆಚೆ ನಮ್ಮದು ಸೀಬೆತೋಟ, ಸೊಪ್ಪಿನ ಮಡಿ ಇದ್ದ ಕಾಲದಲ್ಲಿ ಅವರು ಅದನ್ನು ಸೆಕೆಂಡ್ ಹ್ಯಾಂಡಿನಲ್ಲಿ ತಂದು, ದಿನಾ ಮುಂಜಾನೆ ಯಶವಂತಪುರದ ಮಂಡಿಗೆ ಹಣ್ಣು, ಸೊಪ್ಪು ಹೊಡೆಯುತ್ತಿದ್ದರು. ತೋಟ ಲೇಔಟಾಯಿತು. ಉಳಿದ ಜಾಗದಲ್ಲಿ ಸಾಲುಮನೆ ಕಟ್ಟಿ ಬಾಡಿಗೆಗೆ ಬಿಟ್ಟೆವು. ಗಾಡಿ ಅಂಗಳದ ಮೂಲೆಯಲ್ಲಿ ನಿಂತಿತು. ಮಾವನಿಗೆ ಅದರ ಮುಖ ನೋಡಿದಾಗಲೆಲ್ಲ ಸಂಕಟ. ಒಂದು ದಿನ ನನ್ನನ್ನು ಕರೆದು, "ಏನಮ್ಮ, ಕಲ್ತ್ಕತೀಯ? ನನ್ ಮಕ್ಕಳಿಬ್ರಿಗೂ ಇದರ್ ಮ್ಯಾಲೆ ಪ್ರೀತಿ ಇಲ್ಲ" ಎಂದರು. ಆಗ ನಮ್ಮ ಬೀದಿಯಲ್ಲಿ ಗಾಡಿ ಓಡಿಸುವ ಹೆಂಗಸು ಒಬ್ಬಳೂ ಇರಲಿಲ್ಲ. ಸ್ಕೂಟರಿನ ಮಾತು ಬಿಡಿ, ನಾನು ಹೇಳುತ್ತಿರುವುದು ಲೋಡು ಹೊರುವ ಗಾಡಿ. ನಾನು ಕಲಿತೆ. ಬೀದಿಯವರೆಲ್ಲ ಕಾಂಪೌಂಡಿನ ಮೇಲಿಂದ ಇಣುಕಿ ನಕ್ಕರು. ನಗಲಿ ಬಿಡಿ ಎಂದುಕೊಂಡೆ.

ಮಾವ ಕಲಿಸಿದ್ದರಲ್ಲಿ ಒಂದು ಪಾಠ ಬೇರೆ ಯಾವ ಡ್ರೈವಿಂಗ್ ಸ್ಕೂಲಿನಲ್ಲೂ ಸಿಕ್ಕುವುದಿಲ್ಲ. ಕಾಲಿನ ಬ್ರೇಕನ್ನು ಆದಷ್ಟು ಮುಟ್ಟಬಾರದು. ದೂರದಿಂದಲೇ ಸಿಗ್ನಲ್ಲು ನೋಡಿ, ಗೇರು ಒಂದೊಂದೇ ಇಳಿಸಿ, ಗಾಡಿ ತಾನಾಗಿ ಸುಸ್ತಾದ ಮೇಲೆ ಕೈ ಬ್ರೇಕು ಎಳೆಯಬೇಕು. "ಬ್ರೇಕು ಸವೀತದೆ ಕಣಮ್ಮ, ಗೇರ್‌ನಾಗೇ ನಿಲ್ಸು" ಎನ್ನುವರು. ಜಿಪುಣರು, ಪಾಪ. ಅವರು ಹೋದ ಮೇಲೂ ನನಗೆ ಅದೇ ರೂಢಿಯಾಯಿತು.

ಅವರು ಹೋದ ಮೇಲೆಯೇ ನಾನು ಊಟದ ವ್ಯಾಪಾರ ಶುರು ಮಾಡಿದ್ದು. ಹಿತ್ತಲಲ್ಲಿ ದೊಡ್ಡ ಒಲೆ ಹಾಕಿ ಮುದ್ದೆ, ಅನ್ನ, ಸೊಪ್ಪಿನ ಸಾರು, ಒಂದು ಪಲ್ಯ. ಎಲ್ಲ ಸ್ಟೀಲಿನ ಕ್ಯಾನಿಗೆ ತುಂಬಿ ಪೀಣ್ಯದ ಸಣ್ಣ ಸಣ್ಣ ಫ್ಯಾಕ್ಟರಿಗಳಿಗೆ ಮಧ್ಯಾಹ್ನದ ಊಟ. ಲೇತು, ಡೈ, ಪ್ಲೇಟಿಂಗು ಎಂದು ಬೆಳಿಗ್ಗೆಯಿಂದ ನಿಂತು ದುಡಿದ ಹುಡುಗರು ಗೇಟಿನ ಹತ್ತಿರ ನನ್ನ ಗಾಡಿಯ ಮೂತಿ ಕಂಡರೆ ಸಾಕು, "ಅಕ್ಕ ಬಂದ್ರು ಕಣ್ರೋ!" ಎಂದು ತಟ್ಟೆ ಬಡಿಯುತ್ತಿದ್ದರು. ಮನೆಯಲ್ಲಿ ನಾನು ಸೊಸೆ. ಆ ಸ್ಟೀರಿಂಗ್ ಹಿಂದೆ ಕೂತರೆ ನಾನು ಇನ್ನೇನೋ. ಏನು ಎಂದು ಕೇಳಬೇಡಿ, ಹೇಳಲು ಬರುವುದಿಲ್ಲ. ಆ ಸೀಟು ನನ್ನದು ಅಷ್ಟೇ.

ಈಗ ರೇಣುಕಾ. ಅವಳು ನಮ್ಮ ಸಾಲುಮನೆಯ ಕೊನೇ ರೂಮಿನಲ್ಲಿ ಇನ್ನಿಬ್ಬರು ಹುಡುಗಿಯರ ಜೊತೆ ಬಾಡಿಗೆಗಿದ್ದಳು. ಪೀಣ್ಯದಲ್ಲಿ ವೈರಿಂಗ್ ಮಾಡುವ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ಕಾರು, ಆಟೋಗಳ ಒಳಗೆ ಜಡೆಯ ಹಾಗೆ ಹೆಣೆದ ವೈರುಗಳಿರುತ್ತವಲ್ಲ, ಅವನ್ನು ಕೂಡಿಸಿ, ತುದಿಗೆ ಪಿನ್ನು ಒತ್ತಿ, ಕೊನೆಗೆ ಪ್ರತಿಯೊಂದು ವೈರಿನಲ್ಲೂ ಕರೆಂಟು ಹರಿಯುತ್ತದೆಯೇ ಎಂದು ಪರೀಕ್ಷೆ ಮಾಡುವ ಸಾಲಿನಲ್ಲಿ ನಿಲ್ಲುತ್ತಿದ್ದಳು. ನಮ್ಮ ಮೈದುನನಿಗೆ ಇದ್ದಕ್ಕಿದ್ದ ಹಾಗೆ ಸಾಲುಮನೆಯ ನಲ್ಲಿ, ಮೀಟರು, ಬಲ್ಬುಗಳ ಬಗ್ಗೆ ಬಹಳ ಕಾಳಜಿ ಹುಟ್ಟಿತು. ಕೊನೇ ರೂಮಿನ ಬಲ್ಬು ಮಾತ್ರ ಎಷ್ಟು ಸಲ ಬದಲಿಸಿದರೂ ಕೆಡುತ್ತಿತ್ತು. ನಾನೇನು ಕುರುಡಿಯೇ? ವರ್ಷ ತುಂಬುವುದರೊಳಗೆ ಬಾಡಿಗೆಯವಳು ಮನೆಯವಳಾದಳು.

ಅತ್ತೆ ಮೊದಮೊದಲು ಮೂಗು ಮುರಿದರು. "ಯಾವ್ ಸೀಮೆಯವಳೋ ಏನೋ, ಅವಳ್ ಮಾತೇ ನಂಗೆ ತಿಳಿಯಾಕಿಲ್ಲ" ಎಂದು ನನ್ನ ಹತ್ತಿರ ಹೇಳಿಕೊಂಡರು. ನಾನು ಹೊರಗೆ ಬುದ್ಧಿ ಹೇಳಿದೆ, ಒಳಗೆ ತಣ್ಣಗಾದೆ. ಆ ತಂಪು ಬಹಳ ದಿನ ಉಳಿಯಲಿಲ್ಲ. ಅವಳು ಜೋಳದ ರೊಟ್ಟಿ ತಟ್ಟಿದಳು. ಮುದ್ದೆ ಬಿಟ್ಟು ಬೇರೆ ಏನು ಕೊಟ್ಟರೂ ಹೊಟ್ಟೆಗೆ ಆಗದು ಎನ್ನುತ್ತಿದ್ದ ಅತ್ತೆ, "ಇನ್ನೊಂದ್ ಆಕು" ಎಂದರು. ನಮ್ಮ ಯಜಮಾನರು, ನಾನು ಇಷ್ಟು ವರ್ಷ ಬಸಿದು ಹಾಕಿದ ಸಾರಿಗೆ ಒಂದು ದಿನವೂ ಚೆನ್ನಾಗಿದೆ ಎನ್ನದವರು, ಶೇಂಗಾ ಚಟ್ನಿ ನೆಕ್ಕಿ, "ಏನ್ ರುಚಿ ಅಮ್ಮ ನಿಂದು!" ಎಂದರು. ಆಗಲಿ, ಅಡುಗೆಮನೆ ಬೇಕಾದರೆ ತಗೋ ತಾಯಿ, ಗಾಡಿ ನನ್ನದು ಎಂದುಕೊಂಡು ಸಮಾಧಾನ ಮಾಡಿಕೊಂಡೆ.

ಅಷ್ಟರಲ್ಲಿ ಗಾಡಿಯ ಎಫ್‌ಸಿ ಬಂತು. ಹಳೇ ಗಾಡಿ ಇಟ್ಟುಕೊಂಡವರಿಗೆ ಇದರ ಕಷ್ಟ ಗೊತ್ತು. ಈ ಗಾಡಿ ರಸ್ತೆಗೆ ಯೋಗ್ಯ ಎಂದು ಸಾಹೇಬರ ಎದುರು ನಿಲ್ಲಿಸಿ ಒಪ್ಪಿಗೆ ಪಡೆಯಬೇಕು. ಹೆಣ್ಣು ನೋಡಲು ಬರುವವರ ಮುಂದೆ ಸಿಂಗರಿಸುವ ಹಾಗೆ, ಎಫ್‌ಸಿಗೆ ಮುಂಚೆ ಗಾಡಿಗೆ ತಲೆಯಿಂದ ಅಡಿಯವರೆಗೆ ಬಣ್ಣ ಹೊಡೆಸುವುದು ಎಲ್ಲರೂ ಮಾಡುವ ಪದ್ಧತಿ. ಮೇಲೆ ಬಿಳಿ, ಕೆಳಗೆ ಚಾಸಿಗೆ, ಅಂದರೆ ಗಾಡಿಯನ್ನು ಹೊರುವ ಕಬ್ಬಿಣದ ಚೌಕಟ್ಟಿಗೆ, ಕಪ್ಪು. ಉಳಿದವರು ಕಾಣುವ ಕಡೆ ಮಾತ್ರ ಒಂದು ಕೈ ಎಳೆಸುತ್ತಾರೆ. ನಾನು ಹಾಗಲ್ಲ. ನಾಗಸಂದ್ರದ ಹತ್ತಿರದ ಪೇಂಟರಿನ ಶೆಡ್ಡಿನಲ್ಲಿ ಕುಕ್ಕರುಗಾಲಲ್ಲಿ ಕೂತು, "ಅಣ್ಣ, ಒಂದ್ ಇಂಚೂ ಬಿಡ್ಬೇಡ, ಬೋಲ್ಟ್ ಬಿಚ್ಚಿ ಅದರ ಸಂದೀಲೂ ಹೊಡಿ" ಎಂದು ಹೇಳಿ ಹೇಳಿ ಹೊಡೆಸಿದೆ. ಗಾಡಿ ಮದುಮಗಳಂತಾಯಿತು. ಎಫ್‌ಸಿ ಸಲೀಸಾಗಿ ಆಯಿತು.

ಆಮೇಲೆ ಒಂದು ದಿನ ಹೆಸರಘಟ್ಟ ಕ್ರಾಸಿನ ಹತ್ತಿರ ಒಬ್ಬ ಸ್ಕೂಟರಿನವನು ಅಡ್ಡ ನುಗ್ಗಿದ. ನಾನು ಕಾಲಿನ ಬ್ರೇಕು ಒತ್ತಿದೆ. ಗಾಡಿ ನಿಂತಿತು, ಸರಿ. ಇಂಜಿನ್ನೂ ನಿಂತಿತು. ಕೀ ತಿರುಗಿಸಿದರೆ ಗರ್ ಗರ್ ಎನ್ನುತ್ತದೆ, ಹಿಡಿಯುವುದಿಲ್ಲ. ಹಿಂದೆ ಟೆಂಪೋ, ಬಸ್ಸು, ಲಾರಿಗಳ ಹಾರನ್ನು. ಸಾರು ಆರುತ್ತಿದೆ. ಸ್ವಲ್ಪ ಹೊತ್ತಿನ ಮೇಲೆ ಏನೂ ಆಗದ ಹಾಗೆ ಸ್ಟಾರ್ಟಾಯಿತು. ಹೀಗೇ ಮತ್ತೆ ಮತ್ತೆ. ಯಜಮಾನರು ಓಡಿಸಿ ನೋಡಿದರು, ಮೊದಲ ತಿರುವಿನಲ್ಲೇ ನಿಂತಿತು. ಮೈದುನ ಓಡಿಸಿದ, ರೋಡ್ ಹಂಪಿನ ಹತ್ತಿರ ನಿಂತಿತು.

ನನ್ನ ಕೈಯಲ್ಲಿ ಮಾತ್ರ ಬರಬರುತ್ತಾ ನಿಲ್ಲುವುದು ಕಡಿಮೆಯಾಯಿತು. ಯಾಕೆ ಎಂದು ನಾನು ಬೇಗ ಕಂಡುಕೊಂಡೆ. ಮಾವ ಕಲಿಸಿದ ಹಾಗೆ ಗೇರಿನಲ್ಲೇ ಇಳಿಸಿ, ಕಾಲು ಬ್ರೇಕು ಮುಟ್ಟದೆ, ಕೈ ಬ್ರೇಕಿನಲ್ಲಿ ನಿಲ್ಲಿಸಿದರೆ ಇಂಜಿನ್ನು ಆಫಾಗುತ್ತಿರಲಿಲ್ಲ. ಕಾರಣ ಗೊತ್ತಿರಲಿಲ್ಲ, ಉಪಾಯ ಗೊತ್ತಿತ್ತು. ಅದನ್ನು ಯಾರಿಗೂ ಹೇಳಲಿಲ್ಲ. ಯಾಕೆ ಹೇಳಬೇಕು? "ಅದೇನ್ ಮಾಯ ಮಾಡ್ತೀಯೇ, ನಿನ್ ಕೈಗೆ ಮಾತ್ರ ಬಗ್ತದಲ್ಲ" ಎಂದು ಯಜಮಾನರು ಬೆರಗಾದಾಗ ನಾನು ಸುಮ್ಮನೆ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಎಷ್ಟು ರೊಟ್ಟಿ ತಟ್ಟಿದರೂ ಸಿಗದ ಮರ್ಯಾದೆ ಅದು.

ಆದರೆ ಕೆಟ್ಟದ್ದು ಕೆಡುತ್ತಲೇ ಹೋಯಿತು. ಮೋಡ ಕವಿದು ಲೈಟು ಹಾಕಿದ ದಿನ ನನ್ನ ಕೈಯಲ್ಲೂ ಮುನಿಸು. ಮೆಕ್ಯಾನಿಕ್ ಲೋಕೇಶ ಬಂದ. ಪೆಟ್ರೋಲ್ ಟ್ಯಾಂಕಿನೊಳಗೆ ಒಂದು ಪಂಪು ಇರುತ್ತದೆ. ಕೀ ಹಾಕಿದ ತಕ್ಷಣ ಅದು ಗುಂಯ್ ಎಂದು ಸದ್ದು ಮಾಡಿ ಇಂಜಿನ್ನಿಗೆ ಪೆಟ್ರೋಲ್ ತಳ್ಳಬೇಕು. ಅದು ಸುಸ್ತಾಗಿ ಗುರುಗುಟ್ಟುತ್ತಿದೆ ಎಂದು ನಾನೇ ಅವನಿಗೆ ತೋರಿಸಿದೆ. ಅವನು ಪಂಪಿಗೆ ಹೋಗುವ ವೈರು ಬಿಚ್ಚಿ, ಮೀಟರು ಹಿಡಿದು, "ಕರೆಂಟು ಪಕ್ಕಾ ಬರ್ತೈತಕ್ಕ, ಪಂಪೇ ಹೋಗಿರದು" ಎಂದು ಹೊಸ ಪಂಪು ಹಾಕಿದ. ಒಂದೆರಡು ದಿನ ಚೆನ್ನಾಗಿತ್ತು. ಆಮೇಲೆ ಅದೇ ರಾಗ. ಫ್ಯೂಸು ಬದಲಿಸಿದ, ಆ ಪುಟ್ಟ ಡಬ್ಬಿಯಂಥ ರಿಲೇ ಬದಲಿಸಿದ, ಪೆಟ್ರೋಲ್ ಬಂಕನ್ನು ಬೈದ. ಕೊನೆಗೆ ಗಾಡಿಯ ಮುಂದೆ ನಾನು ಕಟ್ಟಿದ್ದ ನಿಂಬೆಹಣ್ಣು ಮೆಣಸಿನಕಾಯಿಯನ್ನೂ ಅನುಮಾನದಿಂದ ನೋಡಿದ.

ಒಂದು ದಿನ ನನಗೆ ಜ್ವರ. ಮೈದುನ ಊಟ ತೆಗೆದುಕೊಂಡು ಹೋದ. ಗಾಡಿ ದಾರಿಯುದ್ದಕ್ಕೂ ನಿಂತು ನಿಂತು, ಫ್ಯಾಕ್ಟರಿ ತಲುಪುವಾಗ ಊಟದ ಹೊತ್ತು ಮುಗಿದಿತ್ತು. ಹುಡುಗರು ಹಸಿದ ಹೊಟ್ಟೆಯಲ್ಲೇ ಮಿಷನ್ನಿನ ಮುಂದೆ ನಿಂತರಂತೆ. ಸಂಜೆ ಅತ್ತೆ ಜಗಲಿಯ ಮೇಲೆ ಕೂತು ತೀರ್ಪು ಕೊಟ್ಟರು. "ಮಾರಾಕ್ಬುಡಿ ಅತ್ಲಗೆ. ಬಾಡ್ಗೆ ಆಟೋದಾಗ್ ಊಟ ಕಳ್ಸಿ. ನೀನೂ ಮನೇಲಿರು, ವಯಸ್ಸಾಯ್ತು."

ವಯಸ್ಸಾಯ್ತಂತೆ! ಜ್ವರ ಅಲ್ಲೇ ಬಿಟ್ಟುಹೋಯಿತು. ಗಾಡಿ ಹೋದರೆ ನಾನು ಆ ಸಾರಿನ ಹಂಡೆಯ ಮುಂದೆ ಜೀವನ ಪೂರ್ತಿ. ಗೇಟಿನ ಹತ್ತಿರ ತಟ್ಟೆ ಬಡಿಯುವ ಸದ್ದು ಯಾವನೋ ಆಟೋದವನಿಗೆ. ಅಳು ಬಂತು. ಅಳುವುದನ್ನು ನೋಡಬಾರದವಳೇ ನೋಡಿದಳು.

ಮಾರನೆಯ ದಿನ ಭಾನುವಾರ. ಬೆಳಿಗ್ಗೆ ಅಂಗಳಕ್ಕೆ ಬಂದರೆ ರೇಣುಕಾ ಗಾಡಿಯ ಸುತ್ತ ಓಡಾಡುತ್ತಿದ್ದಾಳೆ. ಸೀರೆಯ ಮೇಲೆ ಗಂಡನ ಹಳೇ ಶರಟು, ಕೈಯಲ್ಲಿ ಎರಡು ವೈರು ಕಟ್ಟಿದ ಬಲ್ಬು. ನನಗೆ ರೇಗಿತು.

"ಏನೇ ಮಾಡ್ತಿದೀಯ ನನ್ ಗಾಡಿ ಹತ್ರ?"

"ನೋಡಾಕತ್ತೀನ್ರಿ ಅಕ್ಕಾ. ಲೋಕೇಶಣ್ಣ ವೈರ್ ಬಿಚ್ಚಿ ಕರೆಂಟ್ ನೋಡ್ಯಾನ್ರಿ. ಬಿಚ್ಚಿದಾಗ ಬಂದ ಬರ್ತೈತಿ. ಪಂಪ್ ತಿರಗೂ ಮುಂದ ನೋಡಬೇಕು. ನಮ್ಮ ಲೈನಿನ್ಯಾಗ ಹಂಗ ನೋಡಿದ್ರ ಸೂಪರ್‌ವೈಸರ್ ಬಯ್ತಿದ್ದ."

"ಹೂಂ, ನಿಮ್ ಲೈನು. ಲೋಕೇಶನಿಗಿಂತ ಜಾಸ್ತಿ ನೀನು ಬಲ್ಲೆ."

"ಬಲ್ಲೆನ್ರಿ" ಎಂದಳು. ಒಂದು ಚೂರು ಸಂಕೋಚ ಬೇಡವೇ! ಆಮೇಲೆ ನನ್ನ ಮುಖವನ್ನೇ ನೋಡುತ್ತಾ ಕೇಳಿದಳು, "ಎಲ್ಲಾರೂ ಯಾವಾಗ ನಿಲ್ತೈತಿ ಅಂತ ಕೇಳ್ಯಾರ. ನಾ ಬ್ಯಾರೆ ಕೇಳ್ತೀನ್ರಿ. ಯಾವಾಗ ನಿಲ್ಲಂಗಿಲ್ಲ?"

ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಹೇಳಿದರೆ ಇವಳು ಕಂಡುಹಿಡಿದೇಬಿಡುತ್ತಾಳೆ ಎಂದು ಮನಸ್ಸಿಗೆ ಹೊಳೆಯಿತು. ಕಂಡುಹಿಡಿದರೆ ಗಾಡಿ ಯಾರ ಕೈಗಾದರೂ ಬಗ್ಗುತ್ತದೆ. ಹೇಳದಿದ್ದರೆ ಗಾಡಿಯೇ ಇಲ್ಲ. ನಿಂತು ಯೋಚಿಸಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಆದರೆ ಹೊಟ್ಟೆಕಿಚ್ಚಿನವರಿಗೆ ಯೋಚನೆಗೆ ಪುರಸೊತ್ತೆಲ್ಲಿ? ಅವಳ ಆ "ಬಲ್ಲೆನ್ರಿ" ಕಿವಿಯಲ್ಲಿ ಕೊರೆಯುತ್ತಿತ್ತು. ಜಂಬ ಬಾಯಿಗೆ ಬಂದುಬಿಟ್ಟಿತು.

"ನನ್ ಕೈಲಿ ನಿಲ್ಲಲ್ಲ ಕಣೇ! ನಿಮ್ ಥರ ಕಂಡ ಕಂಡಲ್ಲಿ ಬ್ರೇಕ್ ತುಳಿಯೋಳಲ್ಲ ನಾನು. ಗೇರ್‌ನಾಗೇ ಇಳ್ಸಿ, ಕೈ ಬ್ರೇಕ್‌ನಾಗೇ ನಿಲ್ಲಿಸ್ತೀನಿ. ಅದು ನಿಮ್ಮಂಥೋರಿಗೆಲ್ಲಾ ಬರಕಿಲ್ಲ."

ಅವಳ ಕಣ್ಣು ದೊಡ್ಡದಾಯಿತು. "ಕಾಲ್ ಬ್ರೇಕ್ ಹಿಡದ್ರ ನಿಲ್ತೈತಿ, ಕೈ ಬ್ರೇಕಿಗೆ ನಿಲ್ಲಂಗಿಲ್ಲ. ಹೌದಿಲ್ರಿ? ಹತ್ರಿ ಅಕ್ಕಾ, ಹತ್ರಿ ಹತ್ರಿ!" ಎಂದು ನನ್ನನ್ನು ಸೀಟಿಗೆ ತಳ್ಳಿಯೇಬಿಟ್ಟಳು. ತಾನು ಗಾಡಿಯ ಹಿಂದೆ ಹೋಗಿ ನಿಂತಳು. "ಕೀ ಹಾಕಿ ಬ್ರೇಕ್ ಒತ್ರಿ" ಎಂದಳು. ಒತ್ತಿದೆ. "ಬಿಡ್ರಿ." ಬಿಟ್ಟೆ. "ಮತ್ತ ಒತ್ರಿ." ಹಿಂದಿನಿಂದ ಚಪ್ಪಾಳೆ ಸದ್ದು.

"ಬ್ರೇಕ್ ಒತ್ತಿದ್ರ ಇಂಡಿಕೇಟರೂ ಮಿಣ ಮಿಣ ಅನ್ನಾಕತ್ತಾವ್ರಿ! ಅದ್ಯಾಕ ಉರೀಬೇಕು?"

ನನಗೇನು ಗೊತ್ತು? ಸೀಟಿನಲ್ಲಿ ಕೂತವಳಿಗೆ ತನ್ನ ಗಾಡಿಯ ಬೆನ್ನು ಕಾಣುವುದಿಲ್ಲ. ಅಷ್ಟರಲ್ಲಿ ಮನೆಯವರೆಲ್ಲ ಅಂಗಳದಲ್ಲಿ ಸೇರಿದ್ದರು. ಸಾಲುಮನೆಯವರು ಹಲ್ಲುಜ್ಜುವುದನ್ನು ಬಿಟ್ಟು ನಿಂತಿದ್ದರು. ಅವಳು ರೊಟ್ಟಿಯ ಲೆಕ್ಕ ಹೇಳುವಷ್ಟು ಸಲೀಸಾಗಿ ಎಲ್ಲರಿಗೂ ಪಾಠ ಮಾಡಿದಳು.

"ಕರೆಂಟ್ ಅಂದ್ರ ಹೋದ್ರ ಸಾಲಂಗಿಲ್ರಿ, ತಿರುಗಿ ಬ್ಯಾಟರಿಗೆ ಬರಬೇಕು. ಪಂಪಿಂದು, ಹಿಂದಿನ ಲೈಟಿಂದು, ಎಲ್ಲಾದೂ ಬರೂದು ಒಂದ ವೈರ್‌ನ್ಯಾಗ. ಆ ವೈರ್ ಚಾಸಿಗೆ ಬೋಲ್ಟ್ ಹಾಕಿರ್ತಾರ, ಅದಕ್ಕ ಅರ್ಥ್ ಅಂತಾರ. ಅಲ್ಲಿ ದಾರಿ ಸಣ್ಣದಾಗೈತಿ. ಬ್ರೇಕ್ ಒತ್ತಿದ್ರ ಹಿಂದಿನ ಆ ದೊಡ್ಡ ಬಲ್ಬ್ ಎರಡೂ ಅದ ದಾರ್ಯಾಗ ನುಗ್ತಾವ. ಪಂಪಿಗೆ ಉಸುರು ಕಟ್ತೈತಿ. ಕೈ ಬ್ರೇಕಿಗೆ ಆ ಬಲ್ಬ್ ಹತ್ತಂಗಿಲ್ಲ, ಅದಕ್ಕ ಅಕ್ಕನ ಕೈಯಾಗ ನಿಲ್ಲಂಗಿಲ್ಲ."

ಮೈದುನನಿಂದ ಒಂದು ಉದ್ದನೆಯ ವೈರು ತರಿಸಿದಳು. ಒಂದು ತುದಿಯನ್ನು ಪಂಪಿನ ಅರ್ಥ್ ವೈರಿಗೆ, ಇನ್ನೊಂದನ್ನು ನೇರವಾಗಿ ಬ್ಯಾಟರಿಯ ಮೈನಸ್ಸಿಗೆ ಹಿಡಿಸಿದಳು. ಇಂಜಿನ್ ಸ್ಟಾರ್ಟ್ ಮಾಡಿಸಿದಳು. "ಈಗ ತುಳೀರಿ, ಅಕ್ಕಾ." ತುಳಿದೆ. ಇಂಜಿನ್ನು ಕದಲಲಿಲ್ಲ. ಲೈಟು ಹಾಕಿ ತುಳಿದೆ. ಕದಲಲಿಲ್ಲ. ವೈರು ತೆಗೆದಳು, ತುಳಿದೆ. ಕೊಕ್ ಎಂದು ನಿಂತಿತು. ಸಾಲುಮನೆಯವರು ಹೋ ಎಂದರು.

ಆಮೇಲೆ ಗೋಣಿಚೀಲ ಹಾಸಿ ಗಾಡಿಯ ಕೆಳಗೆ ಮಲಗಿ, ಸ್ಪಾನರಿನಲ್ಲಿ ಆ ಬೋಲ್ಟು ಬಿಚ್ಚಿದಳು. ಕೆಳಗಿನಿಂದಲೇ ನಗು ಕೇಳಿಸಿತು. "ಅಕ್ಕಾ, ಬಣ್ಣ ಭಾಳ ಚಲೋ ಹೊಡಿಸೀರಿ ನೋಡ್ರಿ! ಬೋಲ್ಟಿನ ಬುಡಕ್ಕೂ ಬಿಟ್ಟಿಲ್ಲ. ಕಬ್ಬಿಣಕ್ಕ ಕಬ್ಬಿಣ ಮುಟ್ಟೂದ ಬ್ಯಾಡೇನ್ರಿ?"

ನಾನು ಸಂದಿಗೂ ಹೊಡೆಸಿದ ಆ ಕಪ್ಪು ಬಣ್ಣ! ಎಮೆರಿ ಕಾಗದದಲ್ಲಿ ಉಜ್ಜಿ ಉಜ್ಜಿ, ಬೆಳ್ಳಗೆ ಹೊಳೆಯುವ ತನಕ ಕೆರೆದು ಬೋಲ್ಟು ಬಿಗಿದಳು. ಕೀ ಹಾಕಿದೆ. ಪಂಪು ಗುಂಯ್ ಎಂದಿತು. ಎಷ್ಟೋ ದಿನದ ಮೇಲೆ ಕೇಳಿದ ಆ ತುಂಬು ಸದ್ದಿಗೆ ನನ್ನ ಕಣ್ಣು ತುಂಬಿದ್ದೂ ನಿಜ, ಅದನ್ನು ತರಿಸಿದವಳ ಮೇಲೆ ಮೈ ಉರಿದಿದ್ದೂ ನಿಜ. ಎರಡೂ ಒಟ್ಟೊಟ್ಟಿಗೆ ಆಗುವುದಿಲ್ಲ ಎನ್ನುವವರು ಓರಗಿತ್ತಿಯ ಜೊತೆ ಬಾಳಿಲ್ಲ ಅಷ್ಟೇ.

ಯಜಮಾನರು ಅಲ್ಲೇ ಒಂದು ಸುತ್ತು ಓಡಿಸಿ ಬಂದರು. ಬೇಕೆಂದೇ ಹತ್ತು ಕಡೆ ಬ್ರೇಕು ತುಳಿದಿರಬೇಕು. "ಈಗ ಯಾರು ಬೇಕಾದ್ರೂ ಓಡಿಸ್ಬೋದು!" ಎಂದು ಕುಣಿದರು. ಅತ್ತೆ, ನಿನ್ನೆ ಮಾರಾಕ್ಬುಡಿ ಎಂದವರೇ, ರೇಣುಕಾಳ ಮಸಿ ಮೆತ್ತಿದ ಕೆನ್ನೆ ಸವರಿ, "ಇವಳ್ಗೂ ಕಲ್ಸಮ್ಮ. ಇಬ್ರೂ ಓಡಿಸ್ಕಳಿ" ಎಂದು ನನಗೆ ಅಪ್ಪಣೆ ಮಾಡಿದರು. ಮಾವ ನನಗೊಬ್ಬಳಿಗೆ ಕೊಟ್ಟದ್ದನ್ನು ನಾನೇ ನನ್ನ ಕೈಯಾರೆ ಹಂಚಬೇಕು. ಆ ದಿನ ನಾನು ಊಟ ಮಾಡಲಿಲ್ಲ. ಯಾರೂ ಗಮನಿಸಲಿಲ್ಲ, ಎಲ್ಲರೂ ರೊಟ್ಟಿ ತಿನ್ನುತ್ತಿದ್ದರು.

ಕಲಿಸಿದೆ. ನಮ್ಮ ಹಳೇ ತೋಟದ ಲೇಔಟಿನಲ್ಲಿ ಇನ್ನೂ ಮನೆ ಏಳದ ಖಾಲಿ ರಸ್ತೆಗಳಿದ್ದವು. ಸೀಬೆಗಿಡ ಇದ್ದ ಜಾಗದಲ್ಲಿ ಅವಳನ್ನು ನನ್ನ ಸೀಟಿನಲ್ಲಿ ಕೂರಿಸಿ ನಾನು ಎಡಗಡೆ ಕೂತೆ. ಕೂತ ತಕ್ಷಣ ಗೊತ್ತಾಯಿತು, ಎಡಗಡೆಯಿಂದ ಪ್ರಪಂಚವೇ ಬೇರೆ ಕಾಣುತ್ತದೆ. ಅವಳು ಕ್ಲಚ್ಚು ಬಿಟ್ಟಳು, ಗಾಡಿ ಮುಗ್ಗರಿಸಿ ನಿಂತಿತು. ಮತ್ತೆ ಬಿಟ್ಟಳು, ನಿಂತಿತು. ಇಂಥ ಸುಂದರವಾದ ಬೆಳಗು ನನ್ನ ಬಾಳಿನಲ್ಲಿ ಕಡಿಮೆ. "ಯಾಕಮ್ಮಾ, ಅರ್ಥ್ ಚೆನ್ನಾಗಿದೆಯಲ್ಲ?" ಎಂದೆ. ಅವಳು ಸ್ಟೀರಿಂಗ್ ಮೇಲೆ ಗುದ್ದಿ, "ಇದಕ್ಕ ನಾ ಅಂದ್ರ ಆಗಂಗಿಲ್ರಿ! ನಿಮ್ಮ ಕೈಯಾಗ ಬೆಕ್ಕಿನಂಗ ಹೊಕ್ಕೈತಿ, ನನ್ನ ಕೈಯಾಗ ಕತ್ತೆ ಹಂಗ ಒದೀತೈತಿ. ನನಗ ನಿಮ್ಮನ್ನ ನೋಡಿದ್ರ ಹೊಟ್ಟಿ ಉರೀತೈತ್ರಿ ಅಕ್ಕಾ!" ಎಂದಳು. ಬಾಯಿಬಿಟ್ಟು ಹೇಳಿದ ಇನ್ನೊಬ್ಬಳು ಸಿಕ್ಕಿದಳು ನೋಡಿ. ನಾನು ನಕ್ಕುಬಿಟ್ಟೆ. ಅವಳೂ ನಕ್ಕಳು. ಆಮೇಲೆ ಪಾಠ ಸರಿಯಾಗಿ ಹೇಳಿಕೊಟ್ಟೆ.

ಇಷ್ಟಕ್ಕೇ ನನ್ನ ಹೊಟ್ಟೆಕಿಚ್ಚು ಆರಿತು ಎಂದುಕೊಳ್ಳಬೇಡಿ, ನಾನೇನು ಅಷ್ಟು ಒಳ್ಳೆಯವಳಲ್ಲ. ಅವಳು ಲೈಸೆನ್ಸು ಮಾಡಿಸಿಕೊಂಡಳು, ಫ್ಯಾಕ್ಟರಿ ಬಿಟ್ಟು ನನ್ನ ಜೊತೆ ಊಟದ ಕೆಲಸಕ್ಕೆ ಸೇರಿದಳು. ಗೇಟಿನಲ್ಲಿ ತಟ್ಟೆ ಬಡಿಯುವ ಹುಡುಗರು, ಅದರಲ್ಲೂ ಅವಳ ಸೀಮೆಯವರು, "ಅಕ್ಕಾರ, ರೊಟ್ಟಿ ತಂದೀರೇನ್ರಿ?" ಎಂದು ಮೊದಲು ಎಡಗಡೆಯ ಕಿಟಕಿಗೆ ಹೋಗುತ್ತಿದ್ದರು. ಪಕ್ಕದ ಗಾಡಿಗಳವರು ಸ್ಟಾರ್ಟಾಗದಿದ್ದರೆ ಅವಳನ್ನು ಕೂಗುತ್ತಿದ್ದರು. ಆಗೆಲ್ಲ ನಾನು ಸಾರಿನ ಸೌಟನ್ನು ಬೇಕಾದ್ದಕ್ಕಿಂತ ಜೋರಾಗಿ ಕ್ಯಾನಿಗೆ ಬಡಿಯುತ್ತಿದ್ದೆ. ಹೀಗೇ ವರ್ಷಗಳು ಉರುಳಿದವು. ಒಂದು ದಿನ ಅವಳು, ಒಂದು ದಿನ ನಾನು. ಓಡಿಸದವಳು ಎಡಗಡೆ ಕೂತು ಬುದ್ಧಿ ಹೇಳುವುದು.

ಈ ವಾರ ಬುದ್ಧಿ ಹೇಳುವವರಿಲ್ಲ. ಇವತ್ತು ಊಟ ಕೊಟ್ಟು ಮುಗಿಸಿ, ಪೀಣ್ಯದ ಎರಡನೇ ಹಂತದಲ್ಲಿ ಒಂದು ಹೊಂಗೆಮರದ ನೆರಳಿಗೆ ಗಾಡಿ ಹಾಕಿದೆ. ಗಾಡಿ ಬಂಗಾರದ ಹಾಗೆ ಓಡುತ್ತಿದೆ, ಸುಳ್ಳು ಹೇಳಬಾರದು. ಖಾಲಿ ಸೀಟಿನ ಕಡೆ ತಿರುಗಿ, "ನೋಡಿದ್ಯೇನೇ ಆ ಬಸ್ಸಿನವನ್ನ?" ಎಂದೆ. ಆಮೇಲೆ ನನಗೇ ನಾಚಿಕೆಯಾಗಿ ಫೋನು ತೆಗೆದೆ. ಸುಮ್ಮನೆ, ಮದುವೆ ಹೇಗಾಯಿತು ಎಂದು ಕೇಳಲು.

ಎತ್ತಿದಳು. ಹಿಂದೆ ಗದ್ದಲ, ಪಾತ್ರೆಯ ಸದ್ದು, ನಗು. ಮದುವೆ ಚೆನ್ನಾಗಿ ಆಯಿತಂತೆ. "ಅಕ್ಕಾ, ಒಂದ್ ನಿಮಿಷ ತಡೀರಿ, ಬಂದೆ" ಎಂದಳು. ನಾನು, "ಹೂಂ, ತಡೀತೀನಿ" ಎಂದೆ.

"ನಿಮಗಲ್ರಿ, ಇಲ್ಲಿ ಅಕ್ಕಾಗ ಅಂದೆ. ನನ್ನ ತಮ್ಮನ ಹೆಂಡ್ತಿಯ ಅಕ್ಕ. ಭಾಳ ಚಲೋ ಅದಾರ್ರಿ. ಅವರಿಗೆ ಟ್ರ್ಯಾಕ್ಟರ್ ಓಡಿಸಾಕ ಬರ್ತೈತಿ! ನಿನ್ನೆ ನನಗೂ ಕಲಿಸಿದ್ರು. ಇನ್ನೊಂದು ವಾರ ಇರು ಅಂತ ಬೆನ್ನು ಹತ್ಯಾರ."

ಟ್ರ್ಯಾಕ್ಟರ್! ಅಕ್ಕ ಅಂತೆ! ಇಷ್ಟು ವರ್ಷ ಆ ಸೌದೆ ಒಲೆ ಎಷ್ಟು ಉರಿದರೂ ಈ ಉರಿ ಬಂದಿರಲಿಲ್ಲ. ಇಷ್ಟು ದಿನ ಅವಳನ್ನು ಕಂಡು ಉರಿಯುತ್ತಿದ್ದೆ. ಈಗ ನೋಡಿದರೆ ಅವಳು ಅಕ್ಕಾ ಎಂದು ಕರೆದ ಯಾರೋ ಮುಖ ಕಾಣದ ಹೆಂಗಸಿನ ಮೇಲೆ ಉರಿಯುತ್ತಿದ್ದೇನೆ. ಬಾಯಿಗೆ ಬಂದದ್ದು ಇದು.

"ಗಾಡಿ ನಿಂತೋಗೈತೆ ಕಣೇ."

ಅತ್ತಲಿನ ಗದ್ದಲ ದೂರವಾಯಿತು. ಎದ್ದು ಹೊರಗೆ ಬಂದಿರಬೇಕು. "ಎಲ್ರಿ? ಬ್ರೇಕ್ ಹಿಡದಾಗೇನು?"

"ಬ್ರೇಕ್ ಹಿಡ್ದಾಗ್ಲೂ ನಿಲ್ತೈತೆ, ಬಿಟ್ಟಾಗ್ಲೂ ನಿಲ್ತೈತೆ."

"ಪಂಪಿನ ಸಪ್ಪಳ?"

"ಒಂದೊಂದ್ ಸಲ ಬತ್ತದೆ. ಒಂದೊಂದ್ ಸಲ ಇಲ್ಲ."

"ಇಂಡಿಕೇಟರ್?"

"ಅದೂ... ಏನೋ ಒಂಥರಾ ಉರೀತದೆ."

ಅವಳು ಒಳಗಿನವರಿಗೆ ಏನೋ ಕೂಗಿ ಹೇಳಿದಳು. ಆಮೇಲೆ, "ಇದು ಫೋನಿ‌ನ್ಯಾಗ ಆಗೂ ಕೆಲಸ ಅಲ್ರಿ ಅಕ್ಕಾ. ನಾಳಿ ರೈಲಿಗೆ ಬರ್ತೀನಿ ತಗೋರಿ" ಎಂದಳು.

"ಅಯ್ಯೋ, ಬ್ಯಾಡ ಬ್ಯಾಡ. ಇದ್ದು ಬಾ. ನಂಗೇನೂ ಆತುರ ಇಲ್ಲ" ಎಂದೆ. ಅಷ್ಟಕ್ಕೇ ಬಾಯಿ ಮುಚ್ಚಬಾರದಿತ್ತೇ? "ಎಷ್ಟೊತ್ತಿಗೆ ರೈಲು? ಲಗೇಜ್ ಹೊತ್ಕೊಂಡು ಆಟೋ ಗೀಟೋ ಹತ್ಬ್ಯಾಡ, ನಾನೇ ಗಾಡಿ ತಕ್ಕೊಂಡು ಸ್ಟೇಷನ್ ಹತ್ರ ಬರ್ತೀನಿ."

"ಅಲ್ರಿ ಅಕ್ಕಾ," ಎಂದಳು ರೇಣುಕಾ, "ಗಾಡಿ ನಿಂತೈತಿ ಅಂದ್ರಲ್ಲಾ?"